ಆಹಾರದ ಕಬ್ಬಿಣಾಂಶ ಮತ್ತು ಚಯಾಪಚಯ ದೋಷಗಳು: ಮಲೆನಾಡಿನ ಊಟದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಹಾದಿಗಳಲ್ಲಿ ನಡೆಯುವವರ ಕಣ್ಣಿಗೆ ಮೊದಲು ಕಾಣುವುದು ಹಸುರು. ಮಳೆಗೆ ಧರೆ ಜರಿದ ಎಡೆಯಲ್ಲಿ ಕಾಣುವುದು ಕೆಂಪು. ಆ ಕೆಂಪು ಮಣ್ಣಿನಲ್ಲಿ ಬೆರೆತ ಕಬ್ಬಿಣದ ಆಕ್ಸೈಡಿನ ಬಣ್ಣವಾಗಿದೆ. ಇದೇ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಕಬ್ಬಿಣದ ಅದಿರಿಗಾಗಿಯೇ ೧೯೭೬ರಲ್ಲಿ ಒಂದು ದೊಡ್ಡ ಉದ್ಯಮ ಸ್ಥಾಪನೆಗೊಂಡು, ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ೨೦೦೫ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಲ ಕೆಳಗೆ ಇಷ್ಟು ಕಬ್ಬಿಣವಿದ್ದರೂ ಅದರ ಮೇಲೆ ಬಾಳುವ ಜನರ ರಕ್ತದಲ್ಲಿ ಅದೇ ಲೋಹಕ್ಕೆ ಬರವಿದೆ ಎಂಬುದು ವಿಚಿತ್ರವಾದರೂ ಸತ್ಯ. ೨೦೧೯-೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡಾ ೪೭.೮ರಷ್ಟು ಮಂದಿಗೆ ರಕ್ತಹೀನತೆಯಿತ್ತು.

ಈ ಅಂಕಿಯನ್ನು ಕಂಡ ಕೂಡಲೇ ಮನಸ್ಸಿಗೆ ಬರುವ ಪರಿಹಾರ ಒಂದೇ: ಎಲ್ಲರಿಗೂ ಇನ್ನಷ್ಟು ಕಬ್ಬಿಣಾಂಶ ದೊರೆಯಲಿ. ಆದರೆ ಕಳೆದ ಮೂರು ದಶಕಗಳ ಸಂಶೋಧನೆ ಈ ಸರಳ ಉತ್ತರದ ಪಕ್ಕದಲ್ಲಿ ಒಂದು ಪ್ರಶ್ನೆಯನ್ನು ಇರಿಸಿದೆ. ದೇಹದಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿ ಸಂಗ್ರಹವಾದ ಕಬ್ಬಿಣಕ್ಕೂ, ಸಕ್ಕರೆ ಕಾಯಿಲೆ ಹಾಗೂ ಹೃದ್ರೋಗಗಳಿಗೆ ದಾರಿ ಮಾಡುವ ಚಯಾಪಚಯ ದೋಷಗಳಿಗೂ ನಂಟಿದೆಯೆಂದು ಅನೇಕ ಅಧ್ಯಯನಗಳು ಸೂಚಿಸಿವೆ. ಕೊರತೆ ಮತ್ತು ಅತಿರೇಕ ಎರಡೂ ಒಂದೇ ಊರಿನಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ ಇರಬಲ್ಲವು.

ಕೊಪ್ಪ ತಾಲ್ಲೂಕಿನ ನಾರ್ವೆಯಂಥ ಒಂದು ಊರಿನ ಮನೆಯನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನರಿಗೆ ಐವತ್ತು ದಾಟಿದೆ. ಹಿಂದೆ ತಾವೇ ತೋಟ ಸುತ್ತಿ ಗೊಬ್ಬರ ಹೊರುತ್ತಿದ್ದವರು ಈಗ ಮೋಟಾರು ಸೈಕಲ್ಲಿನಲ್ಲಿ ಹೋಗಿ ಬರುತ್ತಾರೆ; ಸೊಂಟದ ಸುತ್ತಳತೆ ಬೆಳೆದಿದೆ. ಸೊಸೆ ಎರಡು ಹೆರಿಗೆಯ ಅನಂತರ ಬಿಳಿಚಿಕೊಂಡಿದ್ದಾಳೆ, ಮೆಟ್ಟಿಲೇರಿದರೆ ಏದುಸಿರು. ಹೈಸ್ಕೂಲಿಗೆ ಹೋಗುವ ಮಗಳು ಪಾಠದ ನಡುವೆ ತೂಕಡಿಸುತ್ತಾಳೆ. ಅಡುಗೆಮನೆಯ ಕಪಾಟಿನಲ್ಲಿ 'ರಕ್ತವೃದ್ಧಿ'ಯ ಟಾನಿಕ್ಕಿನ ಒಂದು ಸೀಸೆಯಿದೆ. ಸುಸ್ತು ಎಂದವರೆಲ್ಲರೂ ಅದರಿಂದ ಒಂದೊಂದು ಚಮಚ ಕುಡಿಯುತ್ತಾರೆ. ಆ ಸೀಸೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದೇ ಈ ಲೇಖನದ ವಿಚಾರ.

ದೇಹದೊಳಗಿನ ಕಬ್ಬಿಣದ ಜಮಾಖರ್ಚು

ವಯಸ್ಕ ಮನುಷ್ಯನ ದೇಹದಲ್ಲಿರುವ ಒಟ್ಟು ಕಬ್ಬಿಣ ಸುಮಾರು ೩ರಿಂದ ೪ ಗ್ರಾಂ. ಒಂದು ಸಣ್ಣ ಮೊಳೆಯ ತೂಕದಷ್ಟು. ಅದರಲ್ಲಿ ಮೂರನೆಯ ಎರಡು ಪಾಲು ರಕ್ತದ ಹೀಮೊಗ್ಲೋಬಿನ್ನಿನಲ್ಲಿದ್ದು, ಶ್ವಾಸಕೋಶದಿಂದ ಆಮ್ಲಜನಕವನ್ನು ಅಂಗಾಂಗಗಳಿಗೆ ಹೊತ್ತೊಯ್ಯುವ ಕಾರ್ಯದಲ್ಲಿ ತೊಡಗಿರುತ್ತದೆ. ಸ್ನಾಯುಗಳಲ್ಲಿಯೂ ಕಿಣ್ವಗಳಲ್ಲಿಯೂ ಸ್ವಲ್ಪ ಭಾಗವಿರುತ್ತದೆ. ಉಳಿದುದು ಮುಖ್ಯವಾಗಿ ಯಕೃತ್ತಿನಲ್ಲಿ ಫೆರಿಟಿನ್ ಎಂಬ ಪ್ರೋಟೀನಿನೊಳಗೆ ಕೂಡಿಟ್ಟ ದಾಸ್ತಾನು. ಹೀಮೊಗ್ಲೋಬಿನ್ ನಿತ್ಯದ ವ್ಯವಹಾರದ ಹಣವಾದರೆ ಫೆರಿಟಿನ್ ಕಣಜದಲ್ಲಿಟ್ಟ ಭತ್ತವೆನ್ನಬಹುದು.

ಈ ಲೋಹದ ವಿಷಯದಲ್ಲಿ ದೇಹದ ವ್ಯವಸ್ಥೆಗೆ ಒಂದು ವೈಶಿಷ್ಟ್ಯವಿದೆ. ಉಪ್ಪು ಹೆಚ್ಚಾದರೆ ಮೂತ್ರಪಿಂಡಗಳು ಅದನ್ನು ಹೊರಹಾಕುತ್ತವೆ. ಕಬ್ಬಿಣ ಹೆಚ್ಚಾದರೆ ಹೊರಹಾಕಲು ಅಂತಹ ದಾರಿಯೇ ಇಲ್ಲ. ಚರ್ಮ ಹಾಗೂ ಕರುಳಿನ ಜೀವಕೋಶಗಳು ಉದುರುವುದರಿಂದ ದಿನಕ್ಕೆ ಸುಮಾರು ೧ ಮಿಲಿಗ್ರಾಂ ಮಾತ್ರ ನಷ್ಟವಾಗುತ್ತದೆ. ಸ್ತ್ರೀಯರಲ್ಲಿ ಮಾಸಿಕ ಸ್ರಾವ, ಗರ್ಭ, ಹೆರಿಗೆಗಳ ಕಾರಣದಿಂದ ನಷ್ಟ ಹೆಚ್ಚು. ಮುಟ್ಟು ನಿಂತ ಮೇಲೆ ಅವರಲ್ಲಿಯೂ ದಾಸ್ತಾನು ಏರತೊಡಗುತ್ತದೆ. ಹೊರಹೋಗುವ ಬಾಗಿಲು ಇಷ್ಟು ಕಿರಿದಾದ ಕಾರಣ ದೇಹವು ಒಳಬರುವ ಬಾಗಿಲಿನಲ್ಲಿಯೇ ಕಾವಲಿಟ್ಟಿದೆ. ಹೊಸ ಶತಮಾನದ ಆರಂಭದಲ್ಲಿ ಪತ್ತೆಯಾದ ಹೆಪ್ಸಿಡಿನ್ ಎಂಬ ಹಾರ್ಮೋನು ಆ ಕಾವಲುಗಾರ. ಯಕೃತ್ತಿನಲ್ಲಿ ಹುಟ್ಟುವ ಈ ಹಾರ್ಮೋನು ದಾಸ್ತಾನು ತುಂಬಿದಾಗ ಹೆಚ್ಚಾಗಿ, ಕರುಳಿನಿಂದ ರಕ್ತಕ್ಕೆ ಕಬ್ಬಿಣ ಸೇರುವುದನ್ನು ತಡೆಯುತ್ತದೆ. ದಾಸ್ತಾನು ಬರಿದಾದಾಗ ತಗ್ಗಿ, ಬಾಗಿಲು ತೆರೆಯುತ್ತದೆ.

ಆಹಾರದ ಕಬ್ಬಿಣದಲ್ಲಿಯೂ ಎರಡು ಬಗೆಯಿದೆ. ಮಾಂಸ, ಮೀನುಗಳಲ್ಲಿ ರಕ್ತವರ್ಣಕದೊಡನೆ ಸೇರಿರುವ 'ಹೀಮ್' ಕಬ್ಬಿಣ ಸುಲಭವಾಗಿ, ಶೇಕಡಾ ೧೫ರಿಂದ ೩೫ರವರೆಗೆ, ಹೀರಲ್ಪಡುತ್ತದೆ. ಧಾನ್ಯ, ಬೇಳೆ, ಸೊಪ್ಪುಗಳಲ್ಲಿರುವ ಸಸ್ಯಮೂಲದ ಕಬ್ಬಿಣ ಹೀರಲ್ಪಡುವುದು ಕಡಿಮೆ. ಜೊತೆಗಿರುವ ಪದಾರ್ಥ ಯಾವುದು ಎಂಬುದರ ಮೇಲೆ ಅದು ಬಹಳ ಏರಿಳಿಯುತ್ತದೆ. ಈ ಭೇದವನ್ನು ನೆನಪಿನಲ್ಲಿಟ್ಟರೆ ಮುಂದಿನ ವಿಚಾರ ಸುಲಭವಾಗುತ್ತದೆ.

ಐದು ಲಕ್ಷಣಗಳ ಒಂದು ಕೂಟ

ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ ೧೯೮೮ರ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ, ರಕ್ತದೊತ್ತಡ, ರಕ್ತದ ಕೊಬ್ಬಿನ ಏರುಪೇರು, ಸಕ್ಕರೆಯ ಏರಿಕೆ ಮುಂತಾದವು ಒಬ್ಬನೇ ವ್ಯಕ್ತಿಯಲ್ಲಿ ಗುಂಪಾಗಿ ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲವೆಂದೂ, ಇನ್ಸುಲಿನ್ನಿನ ಮಾತಿಗೆ ದೇಹ ಕಿವಿಗೊಡದಿರುವುದೇ ಇವುಗಳ ಸಮಾನ ಮೂಲವೆಂದೂ ಪ್ರತಿಪಾದಿಸಿದರು. ಈ ಗುಂಪಿಗೆ ಈಗ ಮೆಟಬಾಲಿಕ್ ಸಿಂಡ್ರೋಮ್ ಎಂಬ ಹೆಸರು ಬಳಕೆಯಲ್ಲಿದೆ. ಕನ್ನಡದಲ್ಲಿ ಚಯಾಪಚಯ ಲಕ್ಷಣಕೂಟವೆನ್ನಬಹುದು.

೨೦೦೯ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳು ಒಮ್ಮತದಿಂದ ಒಪ್ಪಿದ ಮಾನದಂಡದಂತೆ, ಕೆಳಗಿನ ಐದರಲ್ಲಿ ಯಾವುದೇ ಮೂರು ಇದ್ದರೆ ಲಕ್ಷಣಕೂಟ ಇದೆಯೆಂದು ತಿಳಿಯಬೇಕು. ಮೊದಲನೆಯದು ಸೊಂಟದ ಸುತ್ತಳತೆ. ಭಾರತೀಯರಿಗೆ ಅನ್ವಯಿಸುವ ಮಿತಿ ಪುರುಷರಲ್ಲಿ ೯೦ ಸೆಂಟಿಮೀಟರ್, ಸ್ತ್ರೀಯರಲ್ಲಿ ೮೦ ಸೆಂಟಿಮೀಟರ್. ಎರಡನೆಯದು ರಕ್ತದ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಡೆಸಿಲೀಟರಿಗೆ ೧೫೦ ಮಿಲಿಗ್ರಾಂ ಅಥವಾ ಹೆಚ್ಚಿರುವುದು. ಮೂರನೆಯದು ಒಳ್ಳೆಯ ಕೊಲೆಸ್ಟರಾಲ್ ಪುರುಷರಲ್ಲಿ ೪೦ಕ್ಕಿಂತ, ಸ್ತ್ರೀಯರಲ್ಲಿ ೫೦ಕ್ಕಿಂತ ಕಡಿಮೆಯಿರುವುದು. ನಾಲ್ಕನೆಯದು ರಕ್ತದೊತ್ತಡದ ಎರಡು ಅಂಕಿಗಳಲ್ಲಿ ಮೇಲಿನದು ೧೩೦ನ್ನಾಗಲಿ ಕೆಳಗಿನದು ೮೫ನ್ನಾಗಲಿ ಮುಟ್ಟಿರುವುದು. ಐದನೆಯದು ಬರಿಹೊಟ್ಟೆಯ ರಕ್ತಸಕ್ಕರೆ ೧೦೦ ಮಿಲಿಗ್ರಾಂ ಅಥವಾ ಮೇಲಿರುವುದು.

ಇದು ಪಟ್ಟಣದವರ ಕಾಯಿಲೆ ಎಂಬ ಭಾವನೆ ಇನ್ನು ಸಲ್ಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶವ್ಯಾಪಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇಕಡಾ ೧೧.೪ ಮಂದಿಗೆ ಸಕ್ಕರೆ ಕಾಯಿಲೆ, ಶೇಕಡಾ ೧೫.೩ ಮಂದಿಗೆ ಅದರ ಪೂರ್ವಸ್ಥಿತಿ, ಶೇಕಡಾ ೩೫.೫ ಮಂದಿಗೆ ಅಧಿಕ ರಕ್ತದೊತ್ತಡ ಕಂಡುಬಂದಿತು. ರಕ್ತಹೀನತೆಯ ದೇಶವೇ ಈಗ ಸಕ್ಕರೆ ಕಾಯಿಲೆಯ ದೇಶವೂ ಆಗಿದೆ.

ನಂಟಿನ ಸ್ವರೂಪ

ಕಬ್ಬಿಣದ ಅತಿಸಂಗ್ರಹ ಸಕ್ಕರೆ ಕಾಯಿಲೆಯನ್ನು ತರಬಲ್ಲದೆಂಬುದು ಹೊಸ ಸಂಗತಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಫ್ರಾನ್ಸಿನ ವೈದ್ಯರು ಚರ್ಮ ಕಂಚಿನ ಬಣ್ಣಕ್ಕೆ ತಿರುಗಿ, ಯಕೃತ್ತು ಗಟ್ಟಿಯಾಗಿ, ಮೂತ್ರದಲ್ಲಿ ಸಕ್ಕರೆ ಹೋಗುವ ರೋಗಿಗಳನ್ನು ವರ್ಣಿಸಿದ್ದರು. ಅದು ಹೀಮೊಕ್ರೊಮಟೋಸಿಸ್ ಎಂಬ ಆನುವಂಶಿಕ ರೋಗ. ಯೂರೋಪಿನವರಲ್ಲಿ ಹೆಚ್ಚಾಗಿರುವ ಅದರ ರೂಪ ಭಾರತೀಯರಲ್ಲಿ ವಿರಳ. ಭಾರತದಲ್ಲಿ ಇದಕ್ಕೆ ಸಮೀಪದ ನಿದರ್ಶನವೆಂದರೆ ಥಲಸ್ಸೀಮಿಯಾ ಪೀಡಿತ ಮಕ್ಕಳು. ಜೀವ ಉಳಿಯಲು ಅವರಿಗೆ ಪದೇಪದೇ ರಕ್ತ ಕೊಡಬೇಕಾಗುತ್ತದೆ. ಆ ರಕ್ತದೊಡನೆ ಬಂದ ಕಬ್ಬಿಣ ಅಂಗಾಂಗಗಳಲ್ಲಿ ಕೂಡಿ, ಅವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ಅದಕ್ಕಾಗಿಯೇ ಅವರಿಗೆ ಕಬ್ಬಿಣವನ್ನು ಹೊರತೆಗೆಯುವ ಔಷಧಗಳನ್ನು ಕೊಡುತ್ತಾರೆ.

ಇದರ ಹಿಂದಿನ ರಸಾಯನಕ್ರಿಯೆಯೂ ಹಳೆಯದೇ. ಇಂಗ್ಲೆಂಡಿನ ಫೆಂಟನ್ ೧೮೯೪ರಲ್ಲಿ ವಿವರಿಸಿದಂತೆ, ಕಬ್ಬಿಣದ ಲವಣ ಮತ್ತು ಹೈಡ್ರೊಜನ್ ಪೆರಾಕ್ಸೈಡ್ ಸೇರಿದರೆ ತೀವ್ರವಾದ ಉತ್ಕರ್ಷಣ ಕ್ರಿಯೆ ನಡೆಯುತ್ತದೆ. ದೇಹದೊಳಗೆ ಕಟ್ಟಿಲ್ಲದೆ ಸಡಿಲಾಗಿ ಉಳಿದ ಕಬ್ಬಿಣವೂ ಇದೇ ಮಾರ್ಗದಿಂದ ಜೀವಕೋಶಗಳನ್ನು ಸುಡುವ ಉಗ್ರ ಕಣಗಳನ್ನು ಹುಟ್ಟಿಸುತ್ತದೆ. ಇನ್ಸುಲಿನ್ ಸ್ರವಿಸುವ ಮೇದೋಜೀರಕದ ಜೀವಕೋಶಗಳಿಗೆ ಇಂಥ ದಾಳಿಯನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಯಕೃತ್ತು, ಸ್ನಾಯು, ಕೊಬ್ಬಿನ ಜೀವಕೋಶಗಳಲ್ಲಿಯೂ ಇನ್ಸುಲಿನ್ನಿಗೆ ಸ್ಪಂದಿಸುವ ಗುಣ ಕುಂದುತ್ತದೆ.

ರೋಗದ ಮಟ್ಟಕ್ಕೆ ಏರದ, ಸಾಮಾನ್ಯರಲ್ಲಿ ಕಾಣುವ ಸಾಧಾರಣ ಏರಿಕೆಯೂ ಅಪಾಯಕರವೇ ಎಂಬುದು ಅನಂತರ ಎದ್ದ ಪ್ರಶ್ನೆ. ಪೂರ್ವ ಫಿನ್ಲೆಂಡಿನ ಸಾವಿರಕ್ಕೂ ಹೆಚ್ಚು ನಡುವಯಸ್ಸಿನ ಪುರುಷರನ್ನು ಪರೀಕ್ಷಿಸಿ ೧೯೯೭ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಫೆರಿಟಿನ್ ಹೆಚ್ಚಿದ್ದವರಲ್ಲಿ ರಕ್ತದ ಸಕ್ಕರೆ ಮತ್ತು ಇನ್ಸುಲಿನ್ ಎರಡೂ ಹೆಚ್ಚಿದ್ದವು. ೨೦೦೪ರಲ್ಲಿ ಅಮೆರಿಕದ ದಾದಿಯರ ದೀರ್ಘಕಾಲದ ಅಧ್ಯಯನದಿಂದ, ಆರೋಗ್ಯವಂತರಾಗಿ ಕಾಣುತ್ತಿದ್ದ ಸ್ತ್ರೀಯರಲ್ಲಿಯೂ ಫೆರಿಟಿನ್ ಹೆಚ್ಚಿದ್ದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚೆಂದು ತಿಳಿದುಬಂದಿತು. ಅದೇ ವರ್ಷ ಅಮೆರಿಕದ ಇನ್ನೊಂದು ರಾಷ್ಟ್ರೀಯ ಸಮೀಕ್ಷೆಯ ವಿಶ್ಲೇಷಣೆ ಫೆರಿಟಿನ್ನಿಗೂ ಲಕ್ಷಣಕೂಟಕ್ಕೂ ಇರುವ ಸಂಬಂಧವನ್ನು ತೋರಿಸಿತು. ಆಹಾರದ ಮಟ್ಟಿಗೆ ಹೇಳುವುದಾದರೆ, ಸಕ್ಕರೆ ಕಾಯಿಲೆಯ ಅಪಾಯ ಮುಖ್ಯವಾಗಿ ಕೆಂಪು ಮಾಂಸದ ಹೀಮ್ ಕಬ್ಬಿಣದೊಡನೆ ಕಂಡುಬಂದಿದೆ. ಸೊಪ್ಪು, ಕಾಳುಗಳ ಕಬ್ಬಿಣದ ಮೇಲೆ ಅಂತಹ ಆರೋಪ ದೃಢಪಟ್ಟಿಲ್ಲ.

ಫೆರಿಟಿನ್ನಿನ ಅಂಕಿಯನ್ನು ಓದುವ ಬಗೆ

ಇಲ್ಲಿಯೇ ಎಚ್ಚರಿಕೆಯೂ ಅಗತ್ಯ. ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ. ಫೆರಿಟಿನ್ ಕಬ್ಬಿಣದ ದಾಸ್ತಾನಿನ ಗುರುತಾಗಿರುವಂತೆಯೇ ಉರಿಯೂತದ ಗುರುತೂ ಹೌದು. ಜ್ವರ, ಸೋಂಕು, ಮದ್ಯಪಾನ, ಯಕೃತ್ತಿನಲ್ಲಿ ಕೊಬ್ಬು ಸೇರುವಿಕೆ ಇವೆಲ್ಲ ಅದನ್ನು ಏರಿಸುತ್ತವೆ. ಹೊಟ್ಟೆಯ ಬೊಜ್ಜು ದೇಹದಲ್ಲಿ ಸದಾ ಹೊಗೆಯಾಡುವ ಮಂದ ಉರಿಯೂತವನ್ನು ಉಂಟುಮಾಡುತ್ತದೆ. ಹೀಗಾಗಿ ಎಷ್ಟೋ ಜನರಲ್ಲಿ ಲಕ್ಷಣಕೂಟವೇ ಮೊದಲು ಬಂದು, ಫೆರಿಟಿನ್ ಅದರ ಹಿಂದೆ ಏರಿರಬಹುದು. ರಕ್ತವನ್ನು ಹೊರತೆಗೆದು ಕಬ್ಬಿಣವನ್ನು ಇಳಿಸಿದರೆ ಸಕ್ಕರೆಯ ಹತೋಟಿ ಸುಧಾರಿಸುವುದೇ ಎಂದು ನಡೆಸಿದ ಪ್ರಯೋಗಗಳ ಫಲವೂ ಮಿಶ್ರವಾಗಿದೆ. ಆದ್ದರಿಂದ ಕಬ್ಬಿಣವೊಂದೇ ಲಕ್ಷಣಕೂಟದ ಕಾರಣವೆನ್ನುವುದು ಅತಿಶಯೋಕ್ತಿ. ದೇಹಶ್ರಮದ ಅಭಾವ, ತವುಡು ತೆಗೆದ ಅಕ್ಕಿಯ ಅತಿಬಳಕೆ, ಸಕ್ಕರೆ, ಕರಿದ ತಿಂಡಿ, ನಿದ್ರೆಯ ಕೊರತೆ, ವಂಶದ ಗುಣ ಇವೇ ಪ್ರಧಾನ. ಕಬ್ಬಿಣದ ಅತಿರೇಕ ಉರಿಯುವ ಒಲೆಗೆ ಸೇರಿಸಿದ ಇನ್ನೊಂದು ಸೌದೆ.

ಇನ್ನೊಂದು ಸೂಕ್ಷ್ಮವೂ ಇದೆ. ಉರಿಯೂತದಿಂದ ಹೆಪ್ಸಿಡಿನ್ ಹೆಚ್ಚುವುದರಿಂದ, ಬೊಜ್ಜಿನ ವ್ಯಕ್ತಿಯಲ್ಲಿ ಕಬ್ಬಿಣ ಕಣಜದಲ್ಲಿಯೇ ಬೀಗ ಹಾಕಿದಂತೆ ಉಳಿದು, ರಕ್ತದಲ್ಲಿ ಹೀಮೊಗ್ಲೋಬಿನ್ ತಗ್ಗಿ ಕಾಣಬಹುದು. ಅಂಥವರು ಸುಸ್ತೆಂದು ಟಾನಿಕ್ಕು ಕುಡಿದರೆ ಸುಸ್ತು ಇಳಿಯದು. ಅವರಿಗೆ ಬೇಕಾದುದು ಕಾರಣದ ಶೋಧನೆ. ವಿಶ್ವ ಆರೋಗ್ಯ ಸಂಸ್ಥೆಯ ೨೦೨೦ರ ಮಾರ್ಗಸೂಚಿಯಂತೆ ಆರೋಗ್ಯವಂತ ವಯಸ್ಕರಲ್ಲಿ ಫೆರಿಟಿನ್ ಲೀಟರಿಗೆ ೧೫ ಮೈಕ್ರೊಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ. ಪುರುಷರಲ್ಲಿ ೨೦೦ನ್ನೂ, ಮುಟ್ಟಾಗುವ ಸ್ತ್ರೀಯರಲ್ಲಿ ೧೫೦ನ್ನೂ ಮೀರಿದರೆ ಅತಿಸಂಗ್ರಹವಿರಬಹುದೆಂಬ ಸಂಶಯಕ್ಕೆ ಎಡೆಯುಂಟು. ಈ ಅಂಕಿಗಳನ್ನು ವೈದ್ಯರೇ ಉಳಿದ ಪರೀಕ್ಷೆಗಳೊಡನೆ ಹೊಂದಿಸಿ ಓದಬೇಕು.

ಕರ್ನಾಟಕದಿಂದ ಕೇಳಿಬಂದ ಎಚ್ಚರಿಕೆ

ಈ ಚರ್ಚೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಪಾತ್ರ ಗಮನಾರ್ಹವಾದುದು. ೨೦೧೬-೧೮ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ದೇಶದ ಮಕ್ಕಳ ಹಾಗೂ ಹದಿಹರೆಯದವರ ರಕ್ತವನ್ನು ಬೆರಳ ತುದಿಯಿಂದಲ್ಲದೆ ರಕ್ತನಾಳದಿಂದ ತೆಗೆದು ಪರೀಕ್ಷಿಸಲಾಯಿತು. ಹದಿಹರೆಯದವರಲ್ಲಿ ಶೇಕಡಾ ೨೮ ಮಂದಿಗೆ ರಕ್ತಹೀನತೆಯೂ ಶೇಕಡಾ ೨೨ ಮಂದಿಗೆ ಕಬ್ಬಿಣದ ಕೊರತೆಯೂ ಇದ್ದುದು ಕಂಡುಬಂದಿತು. ಕೊರತೆ ದೊಡ್ಡದೇ, ಆದರೆ ಎಲ್ಲರಿಗೂ ಅದು ಇಲ್ಲ. ಇದೇ ಸಮೀಕ್ಷೆಯ ಅಂಕಿಗಳನ್ನು ಪ್ರೊ. ಅನುರಾ ಕುರ್ಪಾಡ್ ಅವರೂ ಸಂಗಡಿಗರೂ ಮುಂದೆ ವಿಶ್ಲೇಷಿಸಿದಾಗ, ೫ರಿಂದ ೧೯ ವರ್ಷದವರಲ್ಲಿಯೂ ಫೆರಿಟಿನ್ ಏರಿದಂತೆ ರಕ್ತಸಕ್ಕರೆ, ರಕ್ತದೊತ್ತಡ ಹಾಗೂ ಕೊಬ್ಬಿನ ದೋಷಗಳ ಸಂಭವ ಸ್ವಲ್ಪ ಸ್ವಲ್ಪವಾಗಿ ಏರುವುದು ತಿಳಿದುಬಂದಿತು. ಏರಿಕೆ ಅಲ್ಪವಾದರೂ, ಕೋಟಿಗಟ್ಟಲೆ ಮಕ್ಕಳ ಲೆಕ್ಕದಲ್ಲಿ ಅದು ಅಲಕ್ಷಿಸತಕ್ಕದ್ದಲ್ಲವೆಂಬುದು ಅವರ ಅಭಿಮತ.

ಈ ಎಚ್ಚರಿಕೆಯ ಹಿನ್ನೆಲೆಯಲ್ಲಿ ಇರುವುದು ಒಂದರ ಮೇಲೊಂದು ಪೇರಿಸಿದ ಯೋಜನೆಗಳು. ೨೦೨೧ರ ಆಗಸ್ಟ್ ೧೫ರಂದು ಪ್ರಧಾನಮಂತ್ರಿಯವರು ಘೋಷಿಸಿದಂತೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-೧೨ ಬೆರೆಸಿದ ಸಾರವರ್ಧಿತ ಅಕ್ಕಿಯನ್ನು ೨೦೨೪ರ ಮಾರ್ಚ್ ವೇಳೆಗೆ ಪಡಿತರ, ಅಂಗನವಾಡಿ ಮತ್ತು ಶಾಲಾ ಬಿಸಿಯೂಟಗಳಿಗೆ ವಿಸ್ತರಿಸಲಾಯಿತು. ಅದರ ನಿಗದಿತ ಕಬ್ಬಿಣಾಂಶ ಕಿಲೋಗ್ರಾಮಿಗೆ ೨೮ರಿಂದ ೪೨.೫ ಮಿಲಿಗ್ರಾಂ. ದಿನಕ್ಕೆ ೩೦೦ ಗ್ರಾಂ ಅಕ್ಕಿ ಉಣ್ಣುವವರಿಗೆ ಇದರಿಂದಲೇ ಸುಮಾರು ೮ರಿಂದ ೧೩ ಮಿಲಿಗ್ರಾಂ ಹೆಚ್ಚುವರಿ ದೊರೆಯುತ್ತದೆ. ೨೦೧೮ರ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಂತೆ ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆಯಲ್ಲಿ ೬೦ ಮಿಲಿಗ್ರಾಂ, ೫ರಿಂದ ೯ ವರ್ಷದ ಮಕ್ಕಳಿಗೆ ಗುಲಾಬಿ ಮಾತ್ರೆಯಲ್ಲಿ ೪೫ ಮಿಲಿಗ್ರಾಂ ಕಬ್ಬಿಣ. ಇವುಗಳ ಮೇಲೆ ಮನೆಯಲ್ಲಿ ಹಾಲಿಗೆ ಬೆರೆಸುವ ಪುಡಿ, ಅಂಗಡಿಯಿಂದ ತಂದ ಟಾನಿಕ್ಕು. ಒಂದೊಂದೂ ಪ್ರತ್ಯೇಕವಾಗಿ ನೋಡಿದರೆ ಸರಿಯೇ. ಒಟ್ಟು ಮೊತ್ತವನ್ನು ಲೆಕ್ಕ ಹಾಕುವವರು ಯಾರೂ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ೨೦೨೦ರ ಶಿಫಾರಸಿನಂತೆ ವಯಸ್ಕ ಪುರುಷರಿಗೆ ದಿನಕ್ಕೆ ೧೯ ಮಿಲಿಗ್ರಾಂ, ಸ್ತ್ರೀಯರಿಗೆ ೨೯ ಮಿಲಿಗ್ರಾಂ ಸಾಕು. ವೈದ್ಯರ ಚಿಕಿತ್ಸೆಯಲ್ಲಿಲ್ಲದ ವಯಸ್ಕರು ೪೫ ಮಿಲಿಗ್ರಾಂ ಮೀರಬಾರದು.

ಹಾಗೆಂದು ವಾರದ ಮಾತ್ರೆಯನ್ನು ನಿಲ್ಲಿಸಬೇಕೆಂದು ಯಾರೂ ಅರ್ಥೈಸಬಾರದು. ವಾರಕ್ಕೆ ೬೦ ಮಿಲಿಗ್ರಾಂ ಎಂದರೆ ದಿನಕ್ಕೆ ಒಂಬತ್ತು ಮಿಲಿಗ್ರಾಮಿಗೂ ಕಡಿಮೆ. ಬೆಳೆಯುವ ಹೆಣ್ಣುಮಕ್ಕಳಿಗೂ ಗರ್ಭಿಣಿಯರಿಗೂ ಕೊರತೆಯ ಅಪಾಯವೇ ಹತ್ತಿರದ್ದು, ನಿಶ್ಚಿತವಾದದ್ದು: ಓದಿನಲ್ಲಿ ಹಿನ್ನಡೆ, ದುಡಿಮೆಯಲ್ಲಿ ದಣಿವು, ಹೆರಿಗೆಯಲ್ಲಿ ಪ್ರಾಣಭಯ. ಅತಿರೇಕದ ಭಯದಿಂದ ಕೊರತೆಯನ್ನು ಅಲಕ್ಷಿಸಿದರೆ ಅದು ಎರಡನೆಯ ತಪ್ಪಾಗುತ್ತದೆ.

ಮಲೆನಾಡಿನ ಊಟದಲ್ಲಿರುವುದೇನು?

ಈ ಸೀಮೆಯ ಊಟದ ಆಧಾರ ಅಕ್ಕಿ: ಬೆಳಗ್ಗೆ ಕಡುಬು ಅಥವಾ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ ಅಥವಾ ಗಂಜಿ. ತವುಡು ತೆಗೆದ ಅಕ್ಕಿಯ ನೂರು ಗ್ರಾಮಿನಲ್ಲಿ ಕಬ್ಬಿಣ ಒಂದು ಮಿಲಿಗ್ರಾಮಿಗೂ ಕಡಿಮೆ. ಅದೇ ತೂಕದ ರಾಗಿಯಲ್ಲಿ ಸುಮಾರು ನಾಲ್ಕೂವರೆ, ಹೆಸರುಕಾಳಿನಲ್ಲಿ ಸುಮಾರು ಐದು, ಹುರುಳಿಯಲ್ಲಿ ಎಂಟಕ್ಕೂ ಮಿಕ್ಕಿ. ನುಗ್ಗೆಸೊಪ್ಪು, ಹರಿವೆಸೊಪ್ಪುಗಳಲ್ಲಿ ಸುಮಾರು ನಾಲ್ಕೂವರೆ ಮಿಲಿಗ್ರಾಂ. ಅನ್ನದ ರಾಶಿಯನ್ನು ಕೊಂಚ ತಗ್ಗಿಸಿ ಹುರುಳಿ ಸಾರು, ಮೊಳಕೆ ಕಾಳಿನ ಪಲ್ಯ, ಸೊಪ್ಪಿನ ಸಾರುಗಳನ್ನು ಹೆಚ್ಚಿಸಿದರೆ ಕಬ್ಬಿಣ ಏರುವುದು ಮಾತ್ರವಲ್ಲ, ರಕ್ತಸಕ್ಕರೆಯ ಏರಿಕೆಯೂ ನಿಧಾನವಾಗುತ್ತದೆ. ಕೊರತೆಯ ಸೊಸೆಗೂ ಬೊಜ್ಜಿನ ಮಾವನಿಗೂ ಒಂದೇ ತಟ್ಟೆ ಹಿತವಾಗುವುದು ಇಂಥ ಊಟದಲ್ಲಿ. ಸಸ್ಯಮೂಲದ ಕಬ್ಬಿಣ ಹೆಪ್ಸಿಡಿನ್ನಿನ ಕಾವಲಿಗೆ ಹೆಚ್ಚು ವಿಧೇಯ. ಬೇಕಾದವರ ದೇಹ ಹೆಚ್ಚು ಹೀರುತ್ತದೆ, ಬೇಡವಾದವರ ದೇಹ ಬಿಟ್ಟುಬಿಡುತ್ತದೆ.

ಕಾಳು-ಸೊಪ್ಪುಗಳಲ್ಲಿ ಕಬ್ಬಿಣವಿದ್ದರೂ ಅದನ್ನು ಹಿಡಿದಿಡುವ ಫೈಟೇಟ್ ಎಂಬ ಪದಾರ್ಥ ಧಾನ್ಯ ಮತ್ತು ಕಾಳುಗಳಲ್ಲಿದೆ. ನೆನೆಸುವುದು, ಮೊಳಕೆ ಕಟ್ಟುವುದು, ಹಿಟ್ಟನ್ನು ಹುಳಿಬರಿಸುವುದು ಇವು ಫೈಟೇಟನ್ನು ತಗ್ಗಿಸುವ ಉಪಾಯಗಳು. ಸಿ ಜೀವಸತ್ವವಿರುವ ಹುಳಿ ಹಣ್ಣುಗಳು ಹೀರುವಿಕೆಯನ್ನು ಹೆಚ್ಚಿಸುತ್ತವೆ. ಊಟದ ಜೊತೆಯ ನಿಂಬೆ, ಹೇರಳೆಕಾಯಿ, ಸೀಬೆಹಣ್ಣುಗಳಿಗೆ ಇರುವ ಮಹತ್ವ ಇದೇ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ೨೦೧೦ರಲ್ಲಿ ಪ್ರಕಟಿಸಿದ ಪ್ರಯೋಗಾಲಯದ ಅಧ್ಯಯನದಲ್ಲಿ ಈರುಳ್ಳಿ, ಬೆಳ್ಳುಳ್ಳಿಗಳು ಧಾನ್ಯ ಮತ್ತು ಕಾಳುಗಳ ಕಬ್ಬಿಣವನ್ನು ಹೀರಲು ಹೆಚ್ಚು ಸುಲಭವಾಗಿಸುವುದನ್ನು ತೋರಿಸಿದರು. ಹಳೆಯ ಕಬ್ಬಿಣದ ಕಾವಲಿ, ಬಾಣಲೆಗಳಲ್ಲಿ ಹುಳಿಯಿರುವ ಪದಾರ್ಥವನ್ನು ಬೇಯಿಸಿದರೆ ಪಾತ್ರೆಯ ಕಬ್ಬಿಣವೂ ಸ್ವಲ್ಪ ಅಡುಗೆಗೆ ಇಳಿಯುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವುದು ಒಗರು. ಅಡಿಕೆ ಬೇಯಿಸಿದ ನೀರು ಮಂದವಾಗಿ ಆಗುವ ಚೊಗರು ಈ ಸೀಮೆಯ ಮಕ್ಕಳಿಗೆಲ್ಲ ಗೊತ್ತು. ಅದರ ಒಗರಿಗೆ ಕಾರಣವಾದ ಟ್ಯಾನಿನ್ ಎಂಬ ಪದಾರ್ಥಗಳು ಚಹಾದಲ್ಲಿಯೂ, ಅವುಗಳ ಬಂಧುಗಳು ಕಾಫಿಯಲ್ಲಿಯೂ ಇವೆ. ಕಬ್ಬಿಣದ ಕತ್ತಿಯಿಂದ ನೆಲ್ಲಿಕಾಯಿಯನ್ನು ಹೆಚ್ಚಿದರೆ ಕೊಯ್ದ ಜಾಗ ಕಪ್ಪಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಒಗರಿನ ಪದಾರ್ಥ ಕಬ್ಬಿಣವನ್ನು ಹಿಡಿದುಕೊಂಡಿತೆಂಬುದಕ್ಕೆ ಆ ಕಪ್ಪೇ ಸಾಕ್ಷಿ. ಕರುಳಿನಲ್ಲಿಯೂ ಇಂಥ ಹಿಡಿತವೇ ನಡೆಯುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಚಹಾದ ಕಷಾಯಕ್ಕೆ ಕಬ್ಬಿಣದ ಲವಣವನ್ನು ಒಂದು ಚಿಟಿಕೆ ಹಾಕಿ ಈ ತತ್ತ್ವವನ್ನು ಸುಲಭವಾಗಿ ತೋರಿಸಬಹುದು.

ಬಾಳೆಹೊನ್ನೂರಿನ ಸಮೀಪ ೧೯೨೫ರಷ್ಟು ಹಿಂದೆಯೇ ಕಾಫಿ ಸಂಶೋಧನಾ ಕೇಂದ್ರ ಆರಂಭವಾದ ಈ ನಾಡಿನಲ್ಲಿ ಕಾಫಿ ಬಿಡಿರೆಂದರೆ ಕೇಳುವವರಿಲ್ಲ. ಹಾಗೆ ಹೇಳುವ ಅಗತ್ಯವೂ ಇಲ್ಲ. ೧೯೮೩ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಊಟದೊಡನೆ ಕುಡಿದ ಒಂದು ಲೋಟ ಕಾಫಿ ಕಬ್ಬಿಣದ ಹೀರುವಿಕೆಯನ್ನು ಶೇಕಡಾ ೩೯ರಷ್ಟೂ, ಚಹಾ ಶೇಕಡಾ ೬೪ರಷ್ಟೂ ತಗ್ಗಿಸಿದವು. ಊಟದ ಒಂದು ಗಂಟೆಯ ಅನಂತರ ಕುಡಿದ ಕಾಫಿಯೂ ಅಷ್ಟೇ ತಗ್ಗಿಸಿತು. ಆದರೆ ಊಟಕ್ಕೆ ಒಂದು ಗಂಟೆ ಮೊದಲು ಕುಡಿದಾಗ ಯಾವ ಬಾಧೆಯೂ ಆಗಲಿಲ್ಲ. ಆದುದರಿಂದ ರಕ್ತಹೀನತೆಯಿರುವವರು ಕಾಫಿಯನ್ನು ಬಿಡಬೇಕಾಗಿಲ್ಲ. ಹೊತ್ತು ಬದಲಿಸಿದರೆ ಸಾಕು. ಊಟಕ್ಕೆ ಒಂದು ಗಂಟೆ ಮೊದಲು, ಇಲ್ಲವೇ ಊಟವಾಗಿ ಎರಡು ಗಂಟೆ ಕಳೆದ ಮೇಲೆ ಕುಡಿಯಬಹುದು. ಕಬ್ಬಿಣದ ಮಾತ್ರೆಯನ್ನಂತೂ ಕಾಫಿಯೊಡನೆ ನುಂಗಲೇಬಾರದು. ಇನ್ನು ಕಾಫಿ ಕುಡಿಯುವವರಲ್ಲಿ ಸಕ್ಕರೆ ಕಾಯಿಲೆ ಕಡಿಮೆಯೆಂದು ಅನೇಕ ದೊಡ್ಡ ಅಧ್ಯಯನಗಳು ಹೇಳಿವೆ. ಆದರೆ ಲೋಟಕ್ಕೆ ಎರಡು ಚಮಚ ಸಕ್ಕರೆ ಸೇರಿಸುವವರು ಈ ಸಮಾಧಾನವನ್ನು ನೆಚ್ಚುವಂತಿಲ್ಲ.

ಎಲೆಯಡಿಕೆಯ ಬಗ್ಗೆಯೂ ಒಂದು ಮಾತು ಅಗತ್ಯ. ಅಡಿಕೆ ಜಗಿಯುವ ಅಭ್ಯಾಸಕ್ಕೂ ಬೊಜ್ಜು ಹಾಗೂ ಲಕ್ಷಣಕೂಟಕ್ಕೂ ಸಂಬಂಧವಿರುವುದನ್ನು ತೈವಾನಿನ ಅಧ್ಯಯನಗಳು ತೋರಿಸಿವೆ. ಅಡಿಕೆ ಬೆಳೆಯುವವರು ಅದನ್ನು ಸದಾ ಬಾಯಲ್ಲಿಟ್ಟುಕೊಂಡಿರಬೇಕಾಗಿಲ್ಲ.

ತೋಟದ ಕೆಲಸಗಾರರ ಸಮಸ್ಯೆ ಬೇರೆ. ಬರಿಗಾಲಿನಲ್ಲಿ ತೇವದ ಮಣ್ಣನ್ನು ತುಳಿಯುವವರ ಚರ್ಮದ ಮೂಲಕ ಕೊಕ್ಕೆಹುಳು ದೇಹವನ್ನು ಸೇರಿ, ಕರುಳಿಗೆ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತದೆ. ಅಲ್ಲಿ ಎಷ್ಟು ಕಬ್ಬಿಣ ಕೊಟ್ಟರೂ ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ಪಾದರಕ್ಷೆ, ಶೌಚಾಲಯ, ಜಂತುಹುಳುವಿನ ಮಾತ್ರೆ ಇವೇ ಅವರಿಗೆ ಮೊದಲ ಟಾನಿಕ್ಕು.

ಶಾಲೆಯ, ಮನೆಯ ಮತ್ತು ದಾನಿಗಳ ಹೊಣೆ

ಶಾಲೆಗಳಲ್ಲಿ ವಾರದ ಮಾತ್ರೆಯನ್ನು ಊಟವಾದ ಮೇಲೆ, ಅಧ್ಯಾಪಕರ ಕಣ್ಣೆದುರಿನಲ್ಲಿ ನುಂಗಿಸುವುದು ಒಳ್ಳೆಯ ಕ್ರಮ. ಹೊಟ್ಟೆ ತೊಳಸುವುದು, ಮಲ ಕಪ್ಪಾಗುವುದು ಸಹಜವೆಂದು ಮಕ್ಕಳಿಗೂ ಪೋಷಕರಿಗೂ ಮೊದಲೇ 'ಹೀಗೆ ಆಗಬಹುದು, ಹೆದರಬೇಡಿ' ಎಂದು ತಿಳಿಸಿದರೆ ಮಾತ್ರೆ ಕಿಟಕಿಯಾಚೆ ಬೀಳುವುದು ತಪ್ಪುತ್ತದೆ. ಥಲಸ್ಸೀಮಿಯಾದಂಥ ರೋಗವಿರುವ ಮಗುವಿದ್ದರೆ ವೈದ್ಯರ ಅನುಮತಿಯಿಲ್ಲದೆ ಕೊಡಕೂಡದು. ತೂಕಡಿಸುವ ವಿದ್ಯಾರ್ಥಿನಿಯನ್ನು ಸೋಮಾರಿಯೆಂದು ಗದರುವ ಮುನ್ನ ಅವಳ ಕೆಳರೆಪ್ಪೆಯ ಒಳಗನ್ನು ನೋಡಿ, ಬಿಳಿಚಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುವ ಅಧ್ಯಾಪಕರು ಪಾಠದಷ್ಟೇ ದೊಡ್ಡ ಉಪಕಾರವನ್ನು ಮಾಡಿದಂತೆ.

ವಿದ್ಯಾರ್ಥಿನಿಲಯದ ದಾಸೋಹದ ಅಡುಗೆಮನೆಯಲ್ಲಿ ವಾರಕ್ಕೆ ಎರಡು ದಿನ ಹುರುಳಿ ಅಥವಾ ಮೊಳಕೆಕಾಳು, ಎರಡು ದಿನ ಸೊಪ್ಪು, ಊಟದ ಜೊತೆ ನಿಂಬೆಯ ಹೋಳು ಇವಿಷ್ಟಕ್ಕೆ ತಗಲುವ ವೆಚ್ಚ ದೊಡ್ಡದಲ್ಲ. ದಾನಿಗಳು ಟಾನಿಕ್ಕಿನ ಸೀಸೆಗಳನ್ನು ಹಂಚುವುದಕ್ಕಿಂತ ಶಾಲೆಯ ಹಿತ್ತಿಲಿನಲ್ಲಿ ನುಗ್ಗೆ, ನಿಂಬೆ, ನೆಲ್ಲಿ ಗಿಡಗಳನ್ನು ನೆಡಿಸಿದರೆ, ಹೀಮೊಗ್ಲೋಬಿನ್ ತಪಾಸಣಾ ಶಿಬಿರವನ್ನು ಏರ್ಪಡಿಸಿದರೆ, ಆಟದ ಬಯಲನ್ನು ವಿಸ್ತರಿಸಿದರೆ ದಾನ ಸತ್ಪಾತ್ರಕ್ಕೆ ಸೇರುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ನಲವತ್ತು ದಾಟಿದವರು ವರ್ಷಕ್ಕೊಮ್ಮೆ ಸೊಂಟಕ್ಕೆ ಅಳತೆಪಟ್ಟಿ ಸುತ್ತಿ, ರಕ್ತದೊತ್ತಡ, ಸಕ್ಕರೆ, ಕೊಬ್ಬುಗಳ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ಆರಂಭದಲ್ಲಿ ಕಂಡ ಮನೆಗೆ ಮರಳಿದರೆ, ಈಗ ಉತ್ತರ ಸ್ಪಷ್ಟವಾಗುತ್ತದೆ. ಸೊಸೆಗೆ ಬೇಕಾದುದು ರಕ್ತಪರೀಕ್ಷೆ, ವೈದ್ಯರು ಹೇಳಿದಷ್ಟು ದಿನ ತಪ್ಪದ ಮಾತ್ರೆ, ಹೊತ್ತು ಬದಲಿಸಿದ ಕಾಫಿ. ಮಗಳಿಗೆ ಬೇಕಾದುದು ಶಾಲೆಯ ವಾರದ ಮಾತ್ರೆ ಮತ್ತು ಕಾಳು-ಸೊಪ್ಪಿನ ಊಟ. ಯಜಮಾನರಿಗೆ ಬೇಕಾದುದು ಮತ್ತೆ ಕಾಲ್ನಡಿಗೆಯಲ್ಲಿ ತೋಟ ಸುತ್ತುವ ಅಭ್ಯಾಸ, ಅರ್ಧ ತಗ್ಗಿದ ಅನ್ನ, ಸಕ್ಕರೆಯ ಪರೀಕ್ಷೆ. ಅವರ ಸುಸ್ತಿಗೆ ಕಾರಣ ತಿಳಿಯುವವರೆಗೆ ಕಪಾಟಿನ ಸೀಸೆ ಅವರಿಗೆ ಸಲ್ಲದು. ನಡುವಯಸ್ಸಿನ ಪುರುಷನಲ್ಲಿ ನಿಜವಾಗಿಯೇ ಕಬ್ಬಿಣದ ಕೊರತೆ ಕಂಡುಬಂದರೆ, ಹೊಟ್ಟೆಯಲ್ಲೆಲ್ಲೋ ರಕ್ತ ಸೋರುತ್ತಿರಬಹುದು. ಟಾನಿಕ್ಕಿನಿಂದ ಅದನ್ನು ಮುಚ್ಚಿಡುವುದು ಇನ್ನೂ ಅಪಾಯ.

ಕಬ್ಬಿಣ ಮಿತ್ರನೂ ಅಲ್ಲ, ಶತ್ರುವೂ ಅಲ್ಲ. ನೇಗಿಲ ಗುಳವಾದಾಗ ಅನ್ನ ಕೊಡುವ ಲೋಹವೇ ಅಳತೆ ಮೀರಿದಾಗ ಹೊರೆಯಾಗುತ್ತದೆ. ಯಾರಿಗೆ, ಎಷ್ಟು, ಯಾವಾಗ ಎಂಬ ಮೂರು ಪ್ರಶ್ನೆಗಳನ್ನು ಕೇಳಿದ ಮೇಲೆಯೇ ಸೀಸೆಯ ಮುಚ್ಚಳ ತೆರೆಯಬೇಕು.